ರೋಗಾಣುವಿಗೆ ಕಾಲುಗಳಿಲ್ಲ

ನಮ್ಮ ಒಕ್ಕಲುತನದ ಮಾತಿನಲ್ಲಿ 'ಕಂದು ಹಾಕುವುದು' ಎಂಬ ಒಂದು ಪ್ರಯೋಗವುಂಟು. ಗಬ್ಬವಾದ ಹಸುವೋ ಎಮ್ಮೆಯೋ ಆಡೋ ದಿನ ತುಂಬುವ ಮೊದಲೇ ತನ್ನ ಮರಿಯನ್ನು ಕಳೆದುಕೊಂಡರೆ ಅದು 'ಕಂದು ಹಾಕಿತು' ಎನ್ನುತ್ತಾರೆ. ಈ ಕಂದು ಬಣ್ಣವನ್ನು ಹೇಳುವ ಕಂದು ಅಲ್ಲ. ಕರು, ಎಳೆಯ ಮರಿ ಎಂಬ ಅರ್ಥದ ಹಳೆಯ ದ್ರಾವಿಡ ಪದ ಅದು. ತಮಿಳಿನವರು ಕರುವನ್ನು 'ಕನ್ರು' ಎನ್ನುವುದೂ, ನಾವು ತೊಟ್ಟಿಲ ಕೂಸನ್ನು 'ಕಂದ' ಎಂದು ಕರೆಯುವುದೂ ಅದೇ ಬೇರಿನಿಂದಲೇ. ಪಶುವೈದ್ಯರು ಬ್ರೂಸೆಲ್ಲೋಸಿಸ್ ಎಂದು ಕರೆಯುವ ಕಾಯಿಲೆಗೆ ಕನ್ನಡದಲ್ಲಿ 'ಕಂದು ರೋಗ' ಎಂಬ ಹೆಸರು ನಿಂತದ್ದು ಹೀಗೆ. ಆದರೆ ಈ ಹೆಸರು ದನಕರುಗಳ ನಷ್ಟವನ್ನು ಮಾತ್ರ ಹೇಳುತ್ತದೆ. ಅದೇ ಕಾಯಿಲೆ ಕೊಟ್ಟಿಗೆಯಿಂದ ಮನೆಯೊಳಕ್ಕೆ ಬಂದು ಮನುಷ್ಯನ ಕೀಲುಗಳಲ್ಲಿಯೂ ಬೆನ್ನೆಲುಬಿನಲ್ಲಿಯೂ ತಿಂಗಳುಗಟ್ಟಲೆ ಬೀಡುಬಿಡುತ್ತದೆ ಎಂಬ ಸಂಗತಿಯನ್ನು ಅದು ಹೇಳುವುದಿಲ್ಲ.

ಈ ವಿಷಯವನ್ನು ಬಸವಕಲ್ಯಾಣ ಮತ್ತು ಹುಮನಾಬಾದಗಳ ಸೀಮೆಯನ್ನು ಕಣ್ಣಮುಂದೆ ಇಟ್ಟುಕೊಂಡು ವಿವರಿಸುವುದು ಉಚಿತವೆಂದು ನನಗೆ ತೋರುತ್ತದೆ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಪಶುವೈದ್ಯ ಗ್ರಂಥವಾದ 'ಗೋವೈದ್ಯ'ವನ್ನು ಬರೆದ ಕೀರ್ತಿವರ್ಮ ಕಲ್ಯಾಣದ ಚಾಲುಕ್ಯ ಮನೆತನದವನು. ಸುಮಾರು ೧೧೨೫ರವನೆಂದು ಹೇಳಲಾಗುವ ಈ ರಾಜಪುತ್ರ ದನಗಳ ಬೇನೆಗಳಿಗೆ ಮದ್ದನ್ನೂ ಮಂತ್ರವನ್ನೂ ಒಟ್ಟಿಗೆ ಹೇಳಿದನು. ಅರಮನೆಯವನೊಬ್ಬ ಕೊಟ್ಟಿಗೆಯ ಕಷ್ಟವನ್ನು ಕುರಿತು ಬರೆದನೆಂಬುದೇ ಅಂದಿನ ಬಾಳಿನಲ್ಲಿ ದನಕ್ಕಿದ್ದ ಸ್ಥಾನವನ್ನು ತೋರಿಸುತ್ತದೆ. ಇಂದಿಗೂ ಆ ನಾಡಿನ ಬಾಳು ಬಹಳ ಬದಲಾಗಿಲ್ಲ. ಮಹಾರಾಷ್ಟ್ರದ ಗಡಿಯಾಚೆಯ ಉದಗೀರ, ದೇವಣಿಗಳ ಕಡೆಯಿಂದ ಹಬ್ಬಿದ ದೇವಣಿ ತಳಿಯ ದನಗಳು ಬೀದರ ಜಿಲ್ಲೆಯ ಹೊಲಗಳಲ್ಲಿ ದುಡಿಯುತ್ತವೆ. ಒಂದೆರಡು ಆಡು ಇಲ್ಲದ ಬಡವರ ಮನೆ ಕಡಿಮೆ. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿಯ ಹಿಂಡು ಬಂದು ನಿಲ್ಲುತ್ತದೆ. ಬೀದರಿನಲ್ಲಿಯೇ ಈಗ ಪಶುವೈದ್ಯಕೀಯ ವಿಶ್ವವಿದ್ಯಾಲಯವೊಂದಿದೆ. ಕೀರ್ತಿವರ್ಮನಿಗೂ ಆ ವಿಶ್ವವಿದ್ಯಾಲಯಕ್ಕೂ ನಡುವೆ ಸುಮಾರು ಒಂಬೈನೂರು ವರ್ಷಗಳು. ಈ ಅವಧಿಯಲ್ಲಿ ಬೇನೆಗಳ ಹೆಸರು ಬದಲಾಗಿರಬಹುದು. ಆದರೆ ದನವೂ ಮನುಷ್ಯನೂ ಒಂದೇ ಸೂರಿನ ಕೆಳಗೆ ಇರುಳು ಕಳೆಯುವ ರೂಢಿ ಇನ್ನೂ ಉಳಿದಿದೆ.

ನನ್ನ ಪ್ರಶ್ನೆ ಇಷ್ಟೇ. ಕಂದು ಹಾಕಿದ ಹಸುವಿನ ಮಾಸಿನಲ್ಲಿದ್ದ ಒಂದು ಅಣುಜೀವಿ ಅದನ್ನು ಎತ್ತಿ ಹಾಕಿದವನ ಬೆನ್ನೆಲುಬಿನವರೆಗೆ ಹೇಗೆ ಹೋಗುತ್ತದೆ? ಅದಕ್ಕೆ ಕಾಲುಗಳಿಲ್ಲ, ರೆಕ್ಕೆಗಳಿಲ್ಲ. ಈ ಜಾತಿಯ ರೋಗಾಣುವಿಗೆ ಈಜಿಕೊಂಡು ಹೋಗುವ ಸಾಮರ್ಥ್ಯವೂ ಇಲ್ಲವೆಂದೇ ವಿಜ್ಞಾನದ ಪುಸ್ತಕಗಳು ಎಣಿಸುತ್ತವೆ. ಹಾಗಿದ್ದೂ ಅದು ದೇಹದ ಮೂಲೆಮೂಲೆಗೆ ತಲುಪುತ್ತದೆ. ಈ ಪ್ರಯಾಣದ ಗುಟ್ಟನ್ನು ಅರಿತರೆ ರೋಗವನ್ನು ಎಲ್ಲೆಲ್ಲಿ ತಡೆಯಬಹುದೆಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಒಂದು ಭೇದವನ್ನು ಗಮನಿಸಬೇಕು. ರೋಗಾಣುಗಳಲ್ಲಿ ಹೊರಗೇ ನಿಂತು ಹಾನಿಮಾಡುವುವು ಕೆಲವು, ಒಳಹೊಕ್ಕು ಹಾನಿಮಾಡುವುವು ಕೆಲವು. ಕಾಲರಾ ರೋಗಾಣು ಮೊದಲನೆಯ ಬಗೆಯದು. ಅದಕ್ಕೆ ಚಾಟಿಯಂಥ ಒಂದು ಬಾಲವಿದೆ. ಅದನ್ನು ತಿರುಗಿಸುತ್ತ ಕರುಳಿನ ದ್ರವದಲ್ಲಿ ಈಜಿ, ಕರುಳಿನ ಗೋಡೆಗೆ ಅಂಟಿಕೊಂಡು, ಅಲ್ಲಿಂದಲೇ ನಂಜನ್ನು ಕಾರುತ್ತದೆ. ಮನೆಯ ಬಾಗಿಲಲ್ಲಿ ನಿಂತು ಕಲ್ಲು ತೂರುವವನ ರೀತಿ ಅದರದು, ಒಳಗೆ ಕಾಲಿಡುವುದಿಲ್ಲ. ಎರಡನೆಯ ಬಗೆಯವು ಹಾಗಲ್ಲ. ಅವು ನಮ್ಮ ಜೀವಕೋಶದ ಒಳಗೇ ನುಗ್ಗಿ, ಅಲ್ಲಿಯ ಅನ್ನವನ್ನೇ ಉಂಡು, ಅಲ್ಲಿಯೇ ಸಂತಾನವನ್ನು ಬೆಳೆಸುತ್ತವೆ. ನಮ್ಮ ದೇಹದ ಒಂದು ಸಾಮಾನ್ಯ ಜೀವಕೋಶ ಮಿಲಿಮೀಟರಿನ ನೂರು ಭಾಗಗಳಲ್ಲಿ ಒಂದೆರಡು ಭಾಗದಷ್ಟು ದೊಡ್ಡದು. ರೋಗಾಣುವಾದರೋ ಮಿಲಿಮೀಟರಿನ ಸಾವಿರದ ಒಂದು ಭಾಗದ ಆಸುಪಾಸಿನದು. ಆದ್ದರಿಂದ ಒಂದು ಜೀವಕೋಶದಲ್ಲಿ ಹತ್ತಾರು ರೋಗಾಣುಗಳು ನೆಮ್ಮದಿಯಾಗಿ ವಾಸಮಾಡಬಲ್ಲವು.

ಒಳಹೊಕ್ಕದ್ದರಿಂದ ಅವಕ್ಕೇನು ಲಾಭ? ನಮ್ಮ ರಕ್ತದಲ್ಲಿ ಪ್ರತಿಕಾಯಗಳೆಂಬ ರಕ್ಷಕ ಪ್ರೋಟೀನುಗಳು ಸದಾ ಸಂಚರಿಸುತ್ತಿರುತ್ತವೆ. ಬೀದಿಯಲ್ಲಿ ಸಿಕ್ಕ ಅಪರಿಚಿತ ರೋಗಾಣುವನ್ನು ಅವು ಹಿಡಿದು ಗುರುತುಮಾಡುತ್ತವೆ. ಆದರೆ ಬದುಕಿರುವ ಜೀವಕೋಶದ ಒಳಗಡೆ ಅವಿತುಕೊಂಡಿರುವುದನ್ನು ಅವು ಹಿಡಿಯಲಾರವು. ಒಳಗಿರುವವನನ್ನು ಹೊರಗೆಡಹಲು ದೇಹವು ಬೇರೊಂದು ಪಡೆಯನ್ನು, ಅಂದರೆ ಸೋಂಕಿದ ಕೋಶವನ್ನೇ ಪತ್ತೆಹಚ್ಚುವ ಬಿಳಿ ಕಣಗಳನ್ನು, ಸಜ್ಜುಗೊಳಿಸಬೇಕಾಗುತ್ತದೆ. ಅದಕ್ಕೆ ಕಾಲ ಹಿಡಿಯುತ್ತದೆ. ಆ ಕಾಲವೇ ರೋಗಾಣುವಿಗೆ ದೊರೆತ ಸುಗ್ಗಿ.

ಆದರೆ ಒಂದೇ ಕೋಶದಲ್ಲಿ ಎಷ್ಟು ದಿನ ಇರಲಾದೀತು? ಅನ್ನ ಮುಗಿಯುತ್ತದೆ, ಜಾಗ ಸಾಲದಾಗುತ್ತದೆ. ಮುಂದಿನ ಕೋಶಕ್ಕೆ ಹೋಗಬೇಕಾದರೆ ಬೀದಿಗಿಳಿಯಬೇಕು, ಬೀದಿಯಲ್ಲಿ ಕಾವಲಿದೆ. ಈ ಸಂಕಟವನ್ನು ಬೇರೆ ಬೇರೆ ರೋಗಾಣುಗಳು ಬೇರೆ ಬೇರೆ ಬಗೆಯಲ್ಲಿ ಬಿಡಿಸಿಕೊಂಡಿವೆ. ಮೂರು ಬಗೆಗಳನ್ನು ಇಲ್ಲಿ ಹೇಳುತ್ತೇನೆ.

ಬಸವಕಲ್ಯಾಣದ ಅಥವಾ ಹುಮನಾಬಾದದ ಹಳೆಯ ಓಣಿಗಳನ್ನು ಕಂಡವರಿಗೆ ಮೊದಲನೆಯ ಬಗೆಯನ್ನು ತಿಳಿಸುವುದು ಸುಲಭ. ಅಲ್ಲಿ ಒಂದೇ ಗೋಡೆಗೆ ಅಂಟಿಕೊಂಡಂತೆ ಕಟ್ಟಿದ ಮಾಳಿಗೆಯ ಮನೆಗಳಿವೆ. ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗಿದವರು ಬೀದಿಗೆ ಇಳಿಯದೆಯೇ ನೆರೆಮನೆಯವರಿಗೆ ನೀರಿನ ತಂಬಿಗೆಯನ್ನು ಕೊಡಬಹುದು. ಕಳ್ಳನೊಬ್ಬ ಮಾಳಿಗೆಯಿಂದ ಮಾಳಿಗೆಗೆ ದಾಟುತ್ತ ಹೋದನೆಂದರೆ ಕೆಳಗೆ ಬೀದಿಯಲ್ಲಿ ಕೋಲು ಕುಟ್ಟುತ್ತ ನಡೆಯುವ ಕಾವಲುಗಾರನಿಗೆ ಅದು ತಿಳಿಯುವುದೇ ಇಲ್ಲ. ರಕ್ತಭೇದಿಯನ್ನು ಉಂಟುಮಾಡುವ ಷಿಗೆಲ್ಲ ಎಂಬ ರೋಗಾಣು ಮಾಡುವುದು ಇದನ್ನೇ. ಜಪಾನಿನ ಕಿಯೋಷಿ ಷಿಗಾ ೧೮೯೭ರಲ್ಲಿ ಗುರುತಿಸಿದ ಈ ರೋಗಾಣುವಿಗೆ ಈಜುವ ಬಾಲವಿಲ್ಲ. ಆದರೆ ಕರುಳಿನ ಕೋಶವನ್ನು ಹೊಕ್ಕ ಮೇಲೆ ಅದು ಅಲ್ಲಿಯ ಸಾಮಗ್ರಿಯಿಂದಲೇ ತನಗೊಂದು ವಾಹನವನ್ನು ಮಾಡಿಕೊಳ್ಳುತ್ತದೆ. ನಮ್ಮ ಜೀವಕೋಶಗಳಿಗೆ ಆಕಾರವನ್ನೂ ಚಲನೆಯನ್ನೂ ಕೊಡುವ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳುಂಟು. ರೋಗಾಣು ತನ್ನ ಮೈಯ ಒಂದು ತುದಿಯಲ್ಲಿ ಮಾತ್ರ ಒಂದು ಬಗೆಯ ಪ್ರೋಟೀನನ್ನು ಇಟ್ಟುಕೊಂಡು, ಆ ತುದಿಯ ಬಳಿ ಆಕ್ಟಿನ್ ಎಳೆಗಳು ಬೆಳೆಯುವಂತೆ ಪ್ರಚೋದಿಸುತ್ತದೆ. ಎಳೆಗಳು ಒಂದರ ಹಿಂದೊಂದು ಕಟ್ಟಿಕೊಳ್ಳುತ್ತ ಹೋದಂತೆ ಅದು ಮುಂದಕ್ಕೆ ತಳ್ಳಲ್ಪಡುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಧೂಮಕೇತುವಿಗೆ ಬಾಲವಿದ್ದಂತೆ ಕಾಣುತ್ತದೆ. ಹೀಗೆ ಓಡುತ್ತ ಬಂದ ರೋಗಾಣು ಕೋಶದ ಅಂಚಿನ ಪೊರೆಯನ್ನು ಬೆರಳಿನಂತೆ ಮುಂದಕ್ಕೆ ಚಾಚಿ ನೆರೆಯ ಕೋಶದೊಳಕ್ಕೆ ಒತ್ತುತ್ತದೆ. ನೆರೆಯ ಕೋಶ ಆ ಬೆರಳನ್ನು ನುಂಗುತ್ತದೆ. ಆಗ ಎರಡು ಪೊರೆಗಳ ಒಳಗೆ ಸಿಕ್ಕಿಕೊಂಡ ರೋಗಾಣು ಅವೆರಡನ್ನೂ ಹರಿದು ಹೊಸ ಮನೆಯಲ್ಲಿ ಬಿಡುಗಡೆಗೊಳ್ಳುತ್ತದೆ. ಒಂದು ಕ್ಷಣವೂ ಅದು ಬೀದಿಗೆ ಇಳಿದಿಲ್ಲ.

ಈ ವಿದ್ಯಮಾನ ಸ್ಪಷ್ಟವಾದದ್ದು ೧೯೮೯ರಲ್ಲಿ. ಆ ವರ್ಷ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯ ಸಾನ್ಸೊನೆಟ್ಟಿ ಮತ್ತು ಅವರ ಸಂಗಡಿಗರು ಷಿಗೆಲ್ಲದಲ್ಲಿ ಇದನ್ನು ವಿವರಿಸಿದರು. ಅದೇ ವರ್ಷ ಅಮೆರಿಕದ ಟಿಲ್ನಿ ಮತ್ತು ಪೋರ್ಟ್‌ನಾಯ್ ಲಿಸ್ಟೀರಿಯ ಎಂಬ ಇನ್ನೊಂದು ರೋಗಾಣುವಿನಲ್ಲಿ ಇಂಥದೇ ಪಯಣವನ್ನು ತೋರಿಸಿದರು. ಲಿಸ್ಟೀರಿಯದ ನಡತೆ ಇನ್ನೂ ಕುತೂಹಲಕರ. ಹೊರಗಿನ ತಂಪಿನಲ್ಲಿ ಅದಕ್ಕೆ ಸ್ವಂತ ಈಜುಬಾಲವಿರುತ್ತದೆ; ದೇಹದ ಬಿಸುಪಿಗೆ ಬಂದಾಗ ಅದು ಸಾಮಾನ್ಯವಾಗಿ ಆ ಬಾಲವನ್ನು ಕಟ್ಟುವುದನ್ನೇ ನಿಲ್ಲಿಸಿಬಿಡುತ್ತದೆ. ಪರರ ಗಾಡಿ ಸಿಕ್ಕಮೇಲೆ ಸ್ವಂತ ಕಾಲುಗಳೇಕೆ? ಕುರಿಗಳಲ್ಲಿ ಕಂದು ಹಾಕಿಸುವ ರೋಗಾಣುಗಳಲ್ಲಿ ಲಿಸ್ಟೀರಿಯವೂ ಒಂದು. ಆದ್ದರಿಂದ ಕಂದು ಹಾಕಿದ್ದೆಲ್ಲ ಕಂದು ರೋಗವೇ ಎಂದು ತಿಳಿಯಬಾರದು, ಪರೀಕ್ಷೆಯಿಂದಲೇ ನಿರ್ಧಾರವಾಗಬೇಕು.

ಎರಡನೆಯ ಬಗೆ ಗೋಡೆಯನ್ನೇ ತೆಗೆದುಹಾಕುವುದು. ನಮ್ಮ ಕರಾವಳಿಯ ಉಡುಪಿ, ಮಂಗಳೂರುಗಳ ಕಡೆ ಮಳೆಗಾಲದಲ್ಲಿ ಕೆಸರಿನಿಂದ ಅಂಟುವ ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆಯನ್ನು ಮಣಿಪಾಲದ ವೈದ್ಯರು ಅನೇಕ ವರ್ಷಗಳಿಂದ ಗುರುತಿಸುತ್ತಿದ್ದಾರೆ. ಅದರ ರೋಗಾಣು ಆಕ್ಟಿನ್ ಬಾಲವನ್ನು ಕಟ್ಟಿಕೊಳ್ಳುವುದಲ್ಲದೆ, ಅಕ್ಕಪಕ್ಕದ ಕೋಶಗಳ ಪೊರೆಗಳನ್ನು ಬೆಸೆದು ಹಲವು ಕೋಶಗಳನ್ನು ಒಂದೇ ದೊಡ್ಡ ಕೋಶವನ್ನಾಗಿ ಮಾಡಿಬಿಡುತ್ತದೆ. ನಡುಗೋಡೆ ಬಿದ್ದ ಮೇಲೆ ಎರಡು ಮನೆಗಳೂ ಒಂದೇ. ಅಲ್ಲಿ ಹೋಗುವುದು ಬರುವುದು ಎಂಬ ಮಾತೇ ಉಳಿಯುವುದಿಲ್ಲ.

ಮೂರನೆಯ ಬಗೆಯೇ ನಮ್ಮ ಕಂದು ರೋಗದ್ದು. ಇದರ ರೋಗಾಣುವಿಗೆ ಬ್ರೂಸೆಲ್ಲ ಎಂದು ಹೆಸರು. ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸೈನಿಕರನ್ನು ಕಾಡುತ್ತಿದ್ದ ಜ್ವರಕ್ಕೆ ಕಾರಣವಾದ ಜೀವಿಯನ್ನು ೧೮೮೭ರಲ್ಲಿ ಪ್ರತ್ಯೇಕಿಸಿದ ಸೇನಾವೈದ್ಯ ಡೇವಿಡ್ ಬ್ರೂಸ್ ಅವರಿಂದ ಬಂದ ಹೆಸರು ಅದು. ಹತ್ತು ವರ್ಷಗಳ ಬಳಿಕ ಡೆನ್ಮಾರ್ಕಿನ ಬ್ಯಾಂಗ್ ಎಂಬ ಪಶುವೈದ್ಯರು ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ಜೀವಿಯನ್ನು ಕಂಡರು. ಇವೆರಡೂ ಹತ್ತಿರದ ಬಂಧುಗಳೆಂಬುದನ್ನು ೧೯೧೮ರಲ್ಲಿ ಅಮೆರಿಕದ ಆಲಿಸ್ ಇವಾನ್ಸ್ ಎಂಬ ಮಹಿಳೆ ತೋರಿಸಿಕೊಟ್ಟರು. ಆಡು ಕುರಿಗಳಿಂದ ಬರುವ ಬಗೆ ಮನುಷ್ಯನಿಗೆ ಹೆಚ್ಚು ಉಗ್ರವಾದುದು. ದನ ಎಮ್ಮೆಗಳಿಂದ ಬರುವುದೂ ಅಲಕ್ಷ್ಯಕ್ಕೆ ತಕ್ಕದ್ದಲ್ಲ.

ಬ್ರೂಸೆಲ್ಲ ಬಾಲವನ್ನು ಕಟ್ಟಿಕೊಳ್ಳುವುದಿಲ್ಲ. ಅದು ಕಾವಲುಗಾರನ ಹೆಗಲನ್ನೇ ಏರುತ್ತದೆ. ದೇಹಕ್ಕೆ ಬಂದ ಅನ್ಯಜೀವಿಗಳನ್ನು ನುಂಗಿ ಅರಗಿಸುವುದಕ್ಕೆಂದೇ ನಮ್ಮಲ್ಲಿ ಭಕ್ಷಕಕೋಶಗಳಿವೆ. ಕೈಯ ಗಾಯದ ಮೂಲಕವೋ ಹಸಿ ಹಾಲಿನೊಡನೆಯೋ ಉಸಿರಿನ ಜೊತೆಯೋ ಒಳಬಂದ ಬ್ರೂಸೆಲ್ಲವನ್ನು ಈ ಭಕ್ಷಕಕೋಶ ನುಂಗುತ್ತದೆ. ನುಂಗಲ್ಪಟ್ಟವುಗಳಲ್ಲಿ ಬಹುಪಾಲು ಅಲ್ಲಿಯೇ ಸಾಯುತ್ತವೆ. ಆದರೆ ಉಳಿದ ಕೆಲವು ಸಾಕು. ಭಕ್ಷಕಕೋಶ ತಾನು ನುಂಗಿದ್ದನ್ನು ಒಂದು ಪೊರೆಯ ಚೀಲದಲ್ಲಿಟ್ಟು, ಆ ಚೀಲಕ್ಕೆ ಹುಳಿಯನ್ನು ಊಡುತ್ತದೆ. ಆಮೇಲೆ ಜೀರ್ಣರಸದ ಚೀಲಗಳನ್ನು ಅದರೊಡನೆ ಕೂಡಿಸುತ್ತದೆ. ಬ್ರೂಸೆಲ್ಲದ ಪಾಲಿಗೆ ಆ ಹುಳಿಯೇ ಎಚ್ಚರಿಕೆಯ ಗಂಟೆ. ಹುಳಿ ತಾಗಿದೊಡನೆ ಅದು ಸೂಜಿಯಂಥ ಒಂದು ಯಂತ್ರವನ್ನು ಕಟ್ಟಿ, ಅದರ ಮೂಲಕ ತನ್ನ ಪ್ರೋಟೀನುಗಳನ್ನು ಕೋಶದೊಳಕ್ಕೆ ತಳ್ಳಿ, ಚೀಲದ ದಾರಿಯನ್ನೇ ಬದಲಾಯಿಸಿಬಿಡುತ್ತದೆ. ಜೀರ್ಣಾಗಾರಕ್ಕೆ ಹೋಗಬೇಕಾದ ಚೀಲ, ಜೀವಕೋಶ ತನ್ನ ಪ್ರೋಟೀನುಗಳನ್ನು ತಯಾರಿಸಿಕೊಳ್ಳುವ ಪೊರೆಗಳ ಜಾಲವನ್ನು ಸೇರುತ್ತದೆ. ಗಲ್ಲಿಗೆ ಒಯ್ಯಬೇಕಾದ ಕೈದಿ ಅಡುಗೆಮನೆಗೆ ಬಂದಂತಾಯಿತು. ಅಲ್ಲಿ ಎರಡು ಮೂರು ದಿನಗಳಲ್ಲಿ ಅದರ ಸಂತಾನ ವೃದ್ಧಿಯಾಗುತ್ತದೆ. ಬಳಿಕ ಕೋಶವು ತನ್ನ ಹಳೆಯ ಭಾಗಗಳನ್ನು ಸುತ್ತಿಕಟ್ಟಿ ವಿಲೇವಾರಿ ಮಾಡುವ ಏರ್ಪಾಡನ್ನೇ ಬಳಸಿಕೊಂಡು ಅದು ಹೊರಬಿದ್ದು ನೆರೆಯ ಕೋಶಗಳನ್ನು ಸೇರುತ್ತದೆ. ಅಮೆರಿಕದ ಸಂಶೋಧಕರು ೨೦೧೨ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕೊನೆಯ ಹಂತದ ಮೇಲೆ ಬೆಳಕು ಚೆಲ್ಲಿತು.

ಇಲ್ಲಿ ಇನ್ನೊಂದು ಅಂಶವುಂಟು. ಭಕ್ಷಕಕೋಶ ಒಂದೆಡೆ ನಿಂತಿರುವ ಕೋಶವಲ್ಲ. ಅದು ಊರೂರು ಸುತ್ತುವ ಸಿಪಾಯಿ. ಹಾಲ್ರಸದ ಗ್ರಂಥಿಗಳಿಗೆ, ಗುಲ್ಮಕ್ಕೆ, ಪಿತ್ತಕೋಶದ ನೆರೆಯ ಯಕೃತ್ತಿಗೆ, ಎಲುಬಿನ ಮಜ್ಜೆಗೆ ಅದು ಹೋದಲ್ಲೆಲ್ಲ ಅದರ ಹೊಟ್ಟೆಯಲ್ಲಿರುವ ರೋಗಾಣುವೂ ಹೋಗುತ್ತದೆ. ಮೇಲಾಗಿ ಬ್ರೂಸೆಲ್ಲದ ಹೊರಮೈ ಎಷ್ಟು ಸಾಧುವಾಗಿ ಕಾಣುತ್ತದೆಂದರೆ ದೇಹದ ಎಚ್ಚರಿಕೆಯ ವ್ಯವಸ್ಥೆ ಮೊದಮೊದಲು ಗದ್ದಲವನ್ನೇ ಎಬ್ಬಿಸುವುದಿಲ್ಲ. ಸೋಂಕು ತಗಲಿ ವಾರಗಳೋ, ಕೆಲವೊಮ್ಮೆ ತಿಂಗಳುಗಳೋ ಕಳೆದ ಮೇಲೆ ಜ್ವರ ಕಾಣಿಸಿಕೊಳ್ಳುವುದು ಇದರಿಂದಲೇ.

ಗಬ್ಬದ ಪಶುವಿನಲ್ಲಿ ಇದೇ ಜೀವಿಯ ವರ್ತನೆ ಭಿನ್ನ. ದನ, ಆಡು, ಕುರಿಗಳ ಮಾಸಿನಲ್ಲಿ ಎರಿಥ್ರಿಟಾಲ್ ಎಂಬ ಒಂದು ಸಕ್ಕರೆಯ ಬಗೆಯ ವಸ್ತು ಹೇರಳವಾಗಿರುತ್ತದೆ. ಬ್ರೂಸೆಲ್ಲಕ್ಕೆ ಅದು ಪ್ರಿಯವಾದ ಆಹಾರ. ಅಲ್ಲಿ ಅದು ಅಪಾರ ಸಂಖ್ಯೆಯಲ್ಲಿ ಬೆಳೆದು ಮಾಸನ್ನು ಕೆಡಿಸುತ್ತದೆ. ಹಸು ಸಾಮಾನ್ಯವಾಗಿ ಐದು ತಿಂಗಳು ಕಳೆದ ಮೇಲೆ ಕಂದು ಹಾಕುತ್ತದೆ. ಹೀಗೆ ಬಿದ್ದ ಕಂದು, ಮಾಸು, ಸ್ರಾವಗಳಲ್ಲಿ ರೋಗಾಣುಗಳು ಕಿಕ್ಕಿರಿದಿರುತ್ತವೆ. ನೆರಳಿನ ತೇವದ ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಅವು ವಾರಗಟ್ಟಲೆ ಬದುಕಬಲ್ಲವು. ನೇರ ಬಿಸಿಲಿಗೆ ಬೇಗ ಸಾಯುತ್ತವೆ. ಆಮೇಲೆ ಆ ಹಸು ಮೇಲುನೋಟಕ್ಕೆ ಚೇತರಿಸಿಕೊಳ್ಳುತ್ತದೆ, ಮೇಯುತ್ತದೆ, ಮುಂದಿನ ಸಲ ದಿನ ತುಂಬಿ ಈಯಲೂಬಹುದು. ಆದರೆ ಅದರ ಕೆಚ್ಚಲಿನ ಗ್ರಂಥಿಗಳಲ್ಲಿ ರೋಗಾಣು ಉಳಿದು ಹಾಲಿನೊಡನೆ ಇಳಿಯುತ್ತಿರುತ್ತದೆ.

ಮನುಷ್ಯನಿಗೆ ಇದು ಬಂದಾಗ ಏನಾಗುತ್ತದೆ? ಏರಿಳಿಯುವ ಜ್ವರ, ರಾತ್ರಿಯ ವಿಪರೀತ ಬೆವರು, ಕೀಲುನೋವು, ಬೆನ್ನುನೋವು, ಎದ್ದು ನಿಲ್ಲಲಾರದ ಆಯಾಸ, ಗಂಡಸರಲ್ಲಿ ಕೆಲವೊಮ್ಮೆ ವೃಷಣದ ಬಾವು. ಇವುಗಳಲ್ಲಿ ಯಾವುದೂ ಈ ಕಾಯಿಲೆಯೊಂದಕ್ಕೇ ಮೀಸಲಾದ ಲಕ್ಷಣವಲ್ಲ. ಒಬ್ಬರು ಇದನ್ನು ವಿಷಮಶೀತ ಜ್ವರವೆಂದು ತಿಳಿಯುತ್ತಾರೆ, ಮತ್ತೊಬ್ಬರು ಮಲೇರಿಯವೆಂದು, ಬೆನ್ನೆಲುಬು ಹಿಡಿದಾಗ ಕ್ಷಯವೆಂದು. ನಮ್ಮ ಬಯಲುಸೀಮೆಯಲ್ಲಿ ಇದು ಎಷ್ಟು ಇದೆ ಎಂಬುದನ್ನು ತಾಳ್ಮೆಯಿಂದ ಹುಡುಕಿದವರು ವಿಜಯಪುರದ ಡಾಕ್ಟರ್ ಬಸಪ್ಪ ಮಂಟೂರ ಮತ್ತು ಅವರ ಸಹೋದ್ಯೋಗಿಗಳು. ೨೦೦೪ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ೯೩ ಮಕ್ಕಳಲ್ಲಿಯೂ, ೨೦೦೬ರಲ್ಲಿ ಪ್ರಕಟವಾದ ಹದಿನಾರು ವರ್ಷಗಳ ಅನುಭವದ ಇನ್ನೊಂದು ಲೇಖನದಲ್ಲಿ ೪೯೫ ವಯಸ್ಕರಲ್ಲಿಯೂ ಈ ರೋಗ ಕಂಡುಬಂದುದನ್ನು ಅವರು ದಾಖಲಿಸಿದ್ದಾರೆ. ವಿಜಯಪುರವಾಗಲಿ ಬೀದರವಾಗಲಿ ಆಡು ಕುರಿಗಳನ್ನು ನಂಬಿದ ಒಣಭೂಮಿಯ ಜಿಲ್ಲೆಗಳೇ. ಒಂದೆಡೆ ಹುಡುಕಿದವರಿಗೆ ಸಿಕ್ಕಿದ್ದು, ಇನ್ನೊಂದೆಡೆ ಹುಡುಕದೆ ಇದ್ದರೆ ಇಲ್ಲವೆಂದು ಅರ್ಥವಲ್ಲ. ಆದ್ದರಿಂದ ಬಹುದಿನಗಳ ಜ್ವರದಿಂದ ಬಳಲುವ ರೋಗಿ ತಾನು ಕುರಿ ಕಾಯುವವನೆಂದೋ, ಮೊನ್ನೆ ಮನೆಯ ಆಡು ಕಂದು ಹಾಕಿತೆಂದೋ ವೈದ್ಯರಿಗೆ ತಾನಾಗಿಯೇ ಹೇಳಬೇಕು. ಆ ಒಂದು ಮಾತು ಪರೀಕ್ಷೆಯ ದಾರಿಯನ್ನೇ ಬದಲಿಸಬಲ್ಲದು.

ಇನ್ನು ಔಷಧಿಯ ಮಾತು. ರೋಗಾಣು ಕೋಶದ ಒಳಗಿರುವಾಗ ಔಷಧಿಯೂ ಕೋಶದ ಒಳಕ್ಕೆ ಹೋಗಬೇಕಷ್ಟೆ. ಸ್ಟ್ರೆಪ್ಟೊಮೈಸಿನ್ನಿನಂಥ ಚುಚ್ಚುಮದ್ದುಗಳು ಹೊರಗೆ ಸಿಕ್ಕ ಬ್ರೂಸೆಲ್ಲವನ್ನು ಕೊಲ್ಲುತ್ತವೆ, ಆದರೆ ಕೋಶದೊಳಕ್ಕೆ ಚೆನ್ನಾಗಿ ಇಳಿಯುವುದಿಲ್ಲ. ಡಾಕ್ಸಿಸೈಕ್ಲಿನ್, ರಿಫಾಂಪಿಸಿನ್‌ಗಳು ಇಳಿಯಬಲ್ಲವು. ಅದಕ್ಕಾಗಿಯೇ ವೈದ್ಯರು ಒಂದೇ ಮದ್ದನ್ನು ನಂಬದೆ ಎರಡನ್ನು ಕೂಡಿಸಿ ಕೊಡುತ್ತಾರೆ. ಸಾಮಾನ್ಯವಾಗಿ ಆರು ವಾರಗಳ ಕಾಲ ಮುಂದುವರಿಸುತ್ತಾರೆ. ಕಷ್ಟ ಬರುವುದು ಇಲ್ಲಿಯೇ. ಮೊದಲ ವಾರದಲ್ಲಿಯೋ ಎರಡನೆಯ ವಾರದಲ್ಲಿಯೋ ಜ್ವರ ಬಿಡುತ್ತದೆ. ಕೂಲಿಯವನು ಕೆಲಸಕ್ಕೆ ಹೋಗುತ್ತಾನೆ, ಗುಳಿಗೆ ನಿಲ್ಲುತ್ತದೆ. ಬೀದಿ ಶಾಂತವಾದುದನ್ನು ಕಂಡು ಮನೆಗಳೊಳಗೆ ಯಾರೂ ಇಲ್ಲವೆಂದು ತಿಳಿದಂತಾಯಿತು. ಒಳಗೆ ಉಳಿದವು ಕೆಲವು ತಿಂಗಳ ಬಳಿಕ ಮತ್ತೆ ತಲೆಯೆತ್ತುತ್ತವೆ. ಆಗ ಬೆನ್ನೆಲುಬಿಗೋ ಕೀಲಿಗೋ ಆದ ಹಾನಿ ದುಡಿಮೆಯನ್ನೇ ಕಸಿದುಕೊಳ್ಳಬಹುದು. ಜ್ವರ ಬಿಟ್ಟದ್ದು ರೋಗ ಬಿಟ್ಟದ್ದಕ್ಕೆ ಸಾಕ್ಷಿಯಲ್ಲ. ವೈದ್ಯರು ಹೇಳಿದ ಕೊನೆಯ ಗುಳಿಗೆಯವರೆಗೂ ನುಂಗಬೇಕು ಎನ್ನುವುದು ಔಷಧದಂಗಡಿಯವರ ಲಾಭದ ಮಾತಲ್ಲ, ಜೀವಕೋಶದೊಳಗಿನ ಈ ವ್ಯವಹಾರದಿಂದ ಹುಟ್ಟಿದ ನಿಯಮ.

ಇದುವರೆಗೆ ಹೇಳಿದ್ದರಿಂದ ಒಂದು ಸಂಗತಿ ನಿಮ್ಮ ಗಮನಕ್ಕೆ ಬಂದಿರಬಹುದು. ರೋಗಾಣು ತಾನಾಗಿ ಎಲ್ಲಿಗೂ ಹೋಗಲಿಲ್ಲ. ಪ್ರತಿಯೊಂದು ಹೆಜ್ಜೆಯಲ್ಲಿಯೂ ಅದು ಆತಿಥ್ಯ ಕೊಟ್ಟವನ ಕಾಲುಗಳನ್ನೇ ಕಡ ತಂದಿತು. ಕೋಶದೊಳಗೆ ಆಕ್ಟಿನ್ ಎಳೆ ಅದರ ಕಾಲು. ದೇಹದೊಳಗೆ ಭಕ್ಷಕಕೋಶ ಅದರ ಕಾಲು. ದೇಹದ ಹೊರಗೆ? ಹೊರಗೆ ಅದರ ಕಾಲುಗಳು ನಾವೇ. ಹುಮನಾಬಾದ ಪುಣೆ-ಹೈದರಾಬಾದು ಹೆದ್ದಾರಿಗೆ ಬೀದರ-ಕಲಬುರಗಿಯ ದಾರಿ ಕೂಡುವ ಊರು. ಅಂಥ ಕೂಡುದಾರಿಗಳಲ್ಲಿ ದನಕರುಗಳು ಒಂದು ಊರಿನಿಂದ ಇನ್ನೊಂದು ಊರಿಗೆ, ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಸಾಗುತ್ತವೆ. ಕಂದು ಹಾಕಿದ ಹಸುವನ್ನು ಮನೆಯಲ್ಲಿಟ್ಟುಕೊಂಡರೆ ನಷ್ಟವೆಂದು ಬಡ ರೈತ ಅದನ್ನು ಸಂತೆಗೆ ಹೊಡೆಯುತ್ತಾನೆ. ಕಾರಣವನ್ನು ಕೊಳ್ಳುವವನಿಗೆ ಹೇಳುವುದಿಲ್ಲ. ಕೊಂಡವನ ಕೊಟ್ಟಿಗೆಯಲ್ಲಿ ಮುಂದಿನ ವರ್ಷ ಇನ್ನೆರಡು ಹಸುಗಳು ಕಂದು ಹಾಕುತ್ತವೆ. ಒಂದು ಕೋಶದಿಂದ ನೆರೆಯ ಕೋಶಕ್ಕೆ ಹೋದ ರೀತಿಯಲ್ಲಿಯೇ ರೋಗವು ಒಂದು ಹಟ್ಟಿಯಿಂದ ನೆರೆಯ ಹಟ್ಟಿಗೆ ಹೋಯಿತು: ಒಳಗೆ ಅವಿತುಕೊಂಡು, ಯಾರ ಕಣ್ಣಿಗೂ ಬೀಳದೆ. ಆ ರೈತನನ್ನು ದೂರುವುದು ಸುಲಭ. ಆದರೆ ಅವನ ನಷ್ಟವನ್ನು ತುಂಬಿಕೊಡುವ ಏರ್ಪಾಡಿಲ್ಲದೆ ಪ್ರಾಮಾಣಿಕತೆಯನ್ನು ಮಾತ್ರ ಕೇಳುವುದು ನ್ಯಾಯವಾಗಲಾರದು.

ದೇಹದೊಳಗಿನ ಕಾಲುಗಳನ್ನು ಕಟ್ಟುವುದು ವೈದ್ಯರ ಕೆಲಸ. ಹೊರಗಿನ ಕಾಲುಗಳನ್ನು ಕಟ್ಟುವುದು ನಮ್ಮ ಕೈಯಲ್ಲಿದೆ. ಮಾಲ್ಟಾದ ನಿದರ್ಶನವನ್ನೇ ನೋಡಿ. ಅಲ್ಲಿ ಹಾಲು ಮಾರುವವರು ಆಡುಗಳನ್ನು ಮನೆಬಾಗಿಲಿಗೇ ಹೊಡೆದುಕೊಂಡು ಬಂದು ಕರೆದುಕೊಡುತ್ತಿದ್ದರು. ನೋಡಲು ಆರೋಗ್ಯವಾಗಿದ್ದ ಆ ಆಡುಗಳಲ್ಲಿಯೇ ರೋಗಾಣು ಇದೆಯೆಂಬುದನ್ನು ೧೯೦೫ರಲ್ಲಿ ಅಲ್ಲಿನವರೇ ಆದ ವೈದ್ಯ ಝಮ್ಮಿಟ್ ಕಂಡುಹಿಡಿದರು. ೧೯೦೬ರಲ್ಲಿ ಸೈನಿಕರ ಊಟದಿಂದ ಆಡಿನ ಹಾಲನ್ನು ತೆಗೆದುಹಾಕಲಾಯಿತು. ಸೈನಿಕರಲ್ಲಿ ರೋಗ ಥಟ್ಟನೆ ಇಳಿಯಿತು. ಈ ರೋಗಕ್ಕೆ ಪರಿಣಾಮಕಾರಿಯಾದ ಮದ್ದು ಇನ್ನೂ ಹುಟ್ಟಿರಲಿಲ್ಲ. ಒಂದು ದಾರಿಯನ್ನು ಮುಚ್ಚಿದ್ದಷ್ಟೇ.

ನಮ್ಮಲ್ಲಿ ಹಾಲನ್ನು ಕಾಯಿಸಿ ಕುಡಿಯುವ ರೂಢಿ ಮೊದಲಿನಿಂದಲೂ ಇರುವುದು ದೊಡ್ಡ ಭಾಗ್ಯ. ಹಾಲು ಉಕ್ಕುವಷ್ಟು ಕುದಿದರೆ ಬ್ರೂಸೆಲ್ಲ ಉಳಿಯುವುದಿಲ್ಲ. ಆದರೆ ಹಟ್ಟಿಯಲ್ಲಿ ಆಡಿನ ಮೊಲೆಗೇ ಬಾಯಿಟ್ಟು ಕುಡಿಯುವ ಹುಡುಗರುಂಟು. ನೊರೆಹಾಲು ಮೈಗೆ ಒಳ್ಳೆಯದೆಂದು ಕುಡಿಸುವ ಹಿರಿಯರುಂಟು. ಆ ರೂಢಿಯನ್ನು ಬಿಡಬೇಕು. ಅದಕ್ಕಿಂತ ದೊಡ್ಡ ದಾರಿ ಬರಿಗೈ. ಈಯುವ ಹೊತ್ತಿನಲ್ಲಿ ಕರುವನ್ನು ಹಿಡಿದೆಳೆಯುವವರು, ಮಾಸನ್ನು ಎತ್ತಿ ಹಾಕುವವರು, ಕೊಟ್ಟಿಗೆ ಬಳಿಯುವ ಹೆಣ್ಣುಮಕ್ಕಳು ಬರಿಗೈಯಲ್ಲಿಯೇ ಇದನ್ನೆಲ್ಲ ಮಾಡುತ್ತಾರೆ. ಕೈಗೆ ರಬ್ಬರಿನ ಚ���ಲ, ಅದಿಲ್ಲದಿದ್ದರೆ ಗಟ್ಟಿಯಾದ ಪ್ಲಾಸ್ಟಿಕ್ ಚೀಲ, ಬಾಯಿಮೂಗಿಗೆ ಬಟ್ಟೆ, ಆಮೇಲೆ ಸಾಬೂನಿನ ತೊಳೆತ ಇರಬೇಕು. ಬಿದ್ದ ಕಂದನ್ನೂ ಮಾಸನ್ನೂ ತಿಪ್ಪೆಗೆ ಎಸೆಯದೆ, ನಾಯಿಗಳು ಕೆದರದಂತೆ ಆಳವಾದ ಕುಣಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ಕಂದು ಹಾಕಿದ ಪಶುವನ್ನು ಕೆಲವು ವಾರ ಬೇರೆ ಕಟ್ಟಿ ಪಶುವೈದ್ಯರನ್ನು ಕರೆಯಬೇಕು. ೧೯೬೨ ಎಂಬ ದೂರವಾಣಿ ಸಂಖ್ಯೆ ಈ ಬಗೆಯ ಕರೆಗಳಿಗೆಂದೇ ಇದೆ.

ಲಸಿಕೆಯೂ ಉಂಟು. ಜಾನುವಾರುಗಳ ಕಾಲುಬಾಯಿ ರೋಗ ಮತ್ತು ಕಂದು ರೋಗಗಳ ನಿಯಂತ್ರಣಕ್ಕೆಂದು ೨೦೧೯ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಕಾರ್ಯಕ್ರಮವೊಂದು ಆರಂಭವಾಯಿತು. ಅದರಂತೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ದನವಾಗಲಿ ಎಮ್ಮೆಯಾಗಲಿ, ಜೀವಮಾನದಲ್ಲಿ ಒಂದೇ ಸಲ ಲಸಿಕೆ ಹಾಕುತ್ತಾರೆ. ಗಬ್ಬದ ಹಸುವಿಗೆ ಈ ಲಸಿಕೆಯೇ ಕಂದು ಹಾಕಿಸಬಹುದಾದ್ದರಿಂದ ವಯಸ್ಸಿನ ಈ ಕಟ್ಟುಪಾಡು. ಇದು ದುರ್ಬಲಗೊಳಿಸಿದ ಜೀವಂತ ರೋಗಾಣು. ಹಾಕುವವರು ಸೂಜಿಯ ವಿಷಯದಲ್ಲಿ ಎಚ್ಚರವಾಗಿರಬೇಕು. ಕರುವಿನ ಎಂಟನೆಯ ತಿಂಗಳು ಕಳೆದರೆ ಆ ಅವಕಾಶವೂ ಕಳೆಯುತ್ತದೆ ಎಂಬುದನ್ನು ಸಾಕುವವರು ನೆನಪಿಡಬೇಕು.

ಕೊನೆಯದಾಗಿ ಇನ್ನೊಂದು ಮಾತು. ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಅಂಟುವುದು ತೀರ ಅಪರೂಪ. ರೋಗಿಯನ್ನು ದೂರವಿಡಲು, ಅವನ ತಟ್ಟೆ ಬಟ್ಟಲುಗಳನ್ನು ಬೇರೆಮಾಡಲು ಯಾವ ಕಾರಣವೂ ಇಲ್ಲ. ಕುರಿ ಕಾಯುವವನಿಗೂ ಕೊಟ್ಟಿಗೆ ಬಳಿಯುವವಳಿಗೂ ಈ ಕಾಯಿಲೆ ಬಂದರೆ ಅದು ಅವರು ಮಾಡಿದ ಕಾಯಕದಿಂದ ಬಂದದ್ದು. ಆ ಕಾಯಕದ ಹಾಲನ್ನು ಉಂಡವರು ನಾವೆಲ್ಲ. ಕಾಯಕಕ್ಕೆ ಗೌರವವನ್ನು ಕಲಿಸಿದ ಕಲ್ಯಾಣದ ನೆಲದಲ್ಲಿ ಒಂದು ಜೊತೆ ಕೈಚೀಲ, ಒಂದು ರಕ್ತಪರೀಕ್ಷೆ, ಆರು ವಾರಗಳ ಗುಳಿಗೆ ಇವು ಅವರಿಗೆ ಕಷ್ಟವಿಲ್ಲದೆ ಸಿಗುವಂತೆ ನೋಡಿಕೊಳ್ಳುವುದು ಸಮಾಜದ ಮೇಲಿರುವ ಋಣ.